ಮೂಗು ಪರಿಚಯ

ನಮ್ಮಪ್ಪ ಕುದುರೆ ಕೊಂದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಕೇಳುವವರು ಕೇಳಿ, ಬಿಡುವವರು ಬಿಡಿ.

ಅಪ್ಪ ಲಾಯದ ಆಳು. ರೇಸಿನ ಕುದುರೆಗಳ ಮೈ ತಿಕ್ಕುವುದು, ಕಾಲು ನೀವುವುದು, ಗೊರಸಿನ ಸಂದಿಯಲ್ಲಿ ಸೇರಿದ ಕೊಳೆ ಕೆರೆಯುವುದು, ಬೆಳಿಗ್ಗೆ ನಡೆಸಿಕೊಂಡು ಬರುವುದು ಅವನ ಕೆಲಸ. ನಾನು ಮತ್ತು ನನ್ನ ಸೋದರತ್ತೆ ಲದ್ದಿ ಬಾಚುವವರು. ನಾವು ಲಗಾಮು ಮುಟ್ಟುವ ಹಾಗಿಲ್ಲ. ಹೆಂಗಸು ಲಗಾಮು ಹಿಡಿದರೆ ಕುದುರೆ ಸೋಲುತ್ತದಂತೆ. ಕುದುರೆ ಹೇತದ್ದನ್ನು ಹೊರುವುದಕ್ಕೆ ಮಾತ್ರ ಹೆಂಗಸಿನ ಕೈ ನಡೆಯುತ್ತದೆ.

ಲಾಯದ ಹಿಂದೆ ಲದ್ದಿಯ ಗುಡ್ಡೆ. ಗುಡ್ಡೆಯ ಹಿಂದೆ ನಮ್ಮಂಥ ಆಳುಗಳ ಕೋಣೆಗಳು. ಒಂದೊಂದು ಕುದುರೆಗೆ ಒಂದೊಂದು ಕೋಣೆ, ಒಂದೊಂದು ಫ್ಯಾನು. ನಾವು ಮೂವರಿಗೆ ಒಂದು ಕೋಣೆ, ಕಿಟಕಿ ಇಲ್ಲ. ಧಣಿಯ ಮನೆಗೆ ಬರುವ ಜನ ನಾವು ತಿಕ್ಕಿ ಹೊಳಪು ಮಾಡಿದ ಕುದುರೆಯ ಕುತ್ತಿಗೆಗೆ ಕೆನ್ನೆ ಒತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಮುಟ್ಟಿದ ಲೋಟವನ್ನು ಮಾತ್ರ ಬೆರಳ ತುದಿಯಲ್ಲಿ ದೂರ ಸರಿಸುತ್ತಾರೆ.

ಧಣಿ ಎಂದರೆ ಈ ಲಾಯದ ಒಡೆಯ. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆವು. ಇಲ್ಲಿ ಆ ಖರ್ಚು ಬೇಡ. ಅವನ ಸ್ವಂತ ಕುದುರೆ ಕೆಲವೇ. ಮಿಕ್ಕವು ಬೇರೆ ದೊಡ್ಡವರವು. ಇವನ ಹತ್ತಿರ ಬಿಟ್ಟು ತಯಾರು ಮಾಡಿಸುತ್ತಾರೆ. ಕಾಗದದಲ್ಲಿ ಆ ಕುದುರೆಗಳಿಗೆ ನಾಲಿಗೆ ಹೊರಳದ ಹೆಸರುಗಳಿದ್ದವು. ನಾವು ಬೇರೆ ಹೆಸರಿಟ್ಟಿದ್ದೆವು. ಕೋಪಿಷ್ಠ ಕೆಂಪು ಹೆಣ್ಣು ಕುದುರೆ ಮೆಣಸಿ. ತಿನ್ನುವುದರಲ್ಲಿ ಮುಂದೆ, ಓಡುವುದರಲ್ಲಿ ಹಿಂದೆ ಇದ್ದ ಬೂದು ಬಣ್ಣದವನು ಸಾಹುಕಾರ. ಸಾಹುಕಾರನನ್ನು ಕಂಡರೆ ಅಪ್ಪನಿಗೆ ಜೀವ. ಮಗಳಾದ ನನ್ನನ್ನು ಅಷ್ಟು ಮುದ್ದಿನಿಂದ ಯಾವತ್ತೂ ಬೈದವನಲ್ಲ.

ಆ ಲಾಯದಲ್ಲಿ ಒಂದು ಪದ್ಧತಿ ಇತ್ತು. ಬೇರೆ ಊರಿನ ರೇಸಿಗೆ ಹೋಗಿ ಬಂದ ಪ್ರತಿ ಕುದುರೆಯನ್ನೂ ಕುದುರೆ ಕೋಣೆಗಳ ಸಾಲಿನ ಆ ತುದಿಯಿಂದ ಈ ತುದಿಗೆ ನಡೆಸಬೇಕು. ಪ್ರತಿ ಬಾಗಿಲಲ್ಲೂ ನಿಲ್ಲಿಸಬೇಕು. ಒಳಗಿನ ಕುದುರೆ ಅರ್ಧ ಬಾಗಿಲ ಮೇಲಿಂದ ತಲೆ ಚಾಚುತ್ತದೆ, ಎರಡೂ ಮೂಗಿಗೆ ಮೂಗು ತಾಗಿಸುತ್ತವೆ, ಬುಸ್ಸೆನ್ನುತ್ತವೆ, ಆಮೇಲೆ ಮುಂದಿನ ಬಾಗಿಲು. ಸಾಲಿನ ಕೊನೆಯಲ್ಲಿ ಧಣಿ ನಿಂತಿರುತ್ತಾನೆ. ಕೋಟಿನ ಜೇಬಿನಿಂದ ಸಕ್ಕರೆ ತುಂಡು ತೆಗೆದು ಅಂಗೈಯಲ್ಲಿ ತಿನ್ನಿಸುತ್ತಾನೆ. ಇದಕ್ಕೆ ಮೂಗು ಪರಿಚಯ ಎಂದು ಹೆಸರು. ಧಣಿಯ ಅಪ್ಪ ಶುರು ಮಾಡಿದ್ದಂತೆ. ಹೀಗೆ ಮಾಡಿದರೆ ಲಾಯದ ಕುದುರೆಗಳು ಒಂದನ್ನೊಂದು ಒದೆಯುವುದಿಲ್ಲ, ಒಂದೇ ಮನೆಯವರ ಹಾಗೆ ಇರುತ್ತವೆ ಎಂದು ಧಣಿ ಬಂದವರಿಗೆಲ್ಲ ಹೇಳುತ್ತಿದ್ದ. ಗೆದ್ದ ಕುದುರೆ ಬರುವ ದಿನ ಕುದುರೆಗಳ ಮಾಲೀಕರೆಲ್ಲ ಗ್ಲಾಸು ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು.

ಮೆಣಸಿ ದೂರದ ರೇಸು ಗೆದ್ದು ಬಂದಳು. ಲಾರಿಯಿಂದ ಇಳಿದವಳಿಗೆ ಕಾಲೇ ಬರುತ್ತಿರಲಿಲ್ಲ. ಮೂಗಿನಲ್ಲಿ ನೀರು.

"ಧಣೀ, ಸುಸ್ತಾಗಿದಾಳೆ. ಇವತ್ತು ಮಲಗಲಿ ಬಿಡಿ, ನಾಳೆ ನಡೆಸ್ತೀನಿ," ಎಂದ ಅಪ್ಪ.

"ಜನ ಬಂದು ನಿಂತಿದಾರೆ, ಕಣ್ಣು ಕಾಣಲ್ವಾ? ನಡೆಸು."

ಅಪ್ಪ ನಡೆಸಿದ. ಪ್ರತಿ ಬಾಗಿಲಲ್ಲೂ ನಿಲ್ಲಿಸಿದ. ನಾನು ಹಿಂದೆ ಬುಟ್ಟಿ ಹಿಡಿದು ಹೋಗುತ್ತಿದ್ದೆ, ಮೆರವಣಿಗೆಯಲ್ಲಿ ಲದ್ದಿ ಬಿದ್ದರೆ ದೊಡ್ಡವರ ಬೂಟಿಗೆ ತಾಗಬಾರದಲ್ಲ. ಸಾಹುಕಾರ ತನ್ನ ಬಾಗಿಲಲ್ಲಿ ಅವಳನ್ನು ಬಹಳ ಹೊತ್ತು ಮೂಸಿದ. ಜನ ನಕ್ಕರು. ಕೊನೆಯಲ್ಲಿ ಧಣಿ ಸಕ್ಕರೆ ಕೊಟ್ಟ. ಚಪ್ಪಾಳೆ ಬಿತ್ತು.

ಮೊದಲು ಜ್ವರ ಬಂತು. ಮೆಣಸಿಗೆ, ಆಮೇಲೆ ಅವಳ ಪಕ್ಕದವನಿಗೆ, ಆಮೇಲೆ ಸಾಲಿಗೆ ಸಾಲೇ. ಕುದುರೆಗಳು ಮೇವು ಬಿಟ್ಟವು. ನೆಗಡಿ ಎಂದುಕೊಂಡೆವು. ಜ್ವರ ಇಳಿಯಿತು. ಸದ್ಯ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಹಿಂಗಾಲು ಹೋದವು.

ಅದನ್ನು ನೋಡದವರಿಗೆ ಹೇಗೆ ಹೇಳುವುದು? ಅಷ್ಟು ದೊಡ್ಡ ಪ್ರಾಣಿ, ಕುಡಿದವನ ಹಾಗೆ ತೂರಾಡುತ್ತದೆ. ಗೊರಸಿನ ತುದಿ ನೆಲಕ್ಕೆ ಗೀರುತ್ತದೆ. ಬಾಲ ಸತ್ತ ಹಾವಿನ ಹಾಗೆ ಜೋತು ಬೀಳುತ್ತದೆ. ಉಚ್ಚೆ ಕಟ್ಟಿಕೊಳ್ಳುತ್ತದೆ, ಹನಿ ಹನಿಯಾಗಿ ತೊಡೆಗೆ ಇಳಿದು ಚರ್ಮ ಸುಡುತ್ತದೆ. ಒಂದು ದಿನ ನಾಯಿಯ ಹಾಗೆ ಹಿಂಭಾಗ ಊರಿ ಕೂರುತ್ತದೆ. ಮುಂಗಾಲು ಊರಿ ಏಳಲು ನೋಡುತ್ತದೆ. ಹಿಂದಿನ ಅರ್ಧ ತನ್ನದಲ್ಲ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮತ್ತೆ ನೋಡುತ್ತದೆ. ಅದರ ಕಣ್ಣು ನೋಡಬಾರದು.

ಡಾಕ್ಟರು ಬಂದರು. ರಕ್ತ ತೆಗೆದರು, ಮೂಗಿನೊಳಗೆ ಹತ್ತಿಯ ಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ನಮ್ಮೆಲ್ಲರನ್ನೂ ಧಣಿಯನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡು ಹೇಳಿದರು.

"ಇದು ಹರ್ಪಿಸ್ ಜಾತಿಯ ವೈರಸ್ಸು. ಎಷ್ಟೋ ಕುದುರೆಗಳ ಮೈಯಲ್ಲಿ ಮರಿಯಾಗಿದ್ದಾಗಿಂದ ಸುಮ್ನೆ ಮಲಗಿರುತ್ತೆ. ದೂರದ ಪ್ರಯಾಣ, ಆಯಾಸ, ಏನಾದ್ರೂ ಆದಾಗ ಎದ್ದುಬಿಡುತ್ತೆ. ಕೆಲವು ಸಲ ಬೆನ್ನುಹುರಿಗೆ ಇಳಿಯುತ್ತೆ. ಮನುಷ್ಯರಿಗೆ ಬರಲ್ಲ. ಆದ್ರೆ ಕೈಯಲ್ಲಿ, ಬಟ್ಟೇಲಿ, ಬಕೆಟ್ಟಲ್ಲಿ ಹರಡುತ್ತೆ. ಎಲ್ಲಕ್ಕಿಂತ ಹೆಚ್ಚು ಮೂಗಿಂದ ಮೂಗಿಗೆ."

ಅಪ್ಪ ತನ್ನ ಕೈ ನೋಡಿಕೊಂಡ. ಧಣಿ ಆಕಾಶ ನೋಡಿದ.

"ಔಷಧಿ?" ಎಂದು ಕೇಳಿದ ಧಣಿ.

"ನೇರವಾಗಿ ವಾಸಿ ಮಾಡೋ ಔಷಧಿ ಇಲ್ಲ. ಆರೈಕೆ ಮಾಡ್ಬೇಕು. ನಿಂತ ಕುದುರೆ ಬೀಳದ ಹಾಗೆ ನೋಡ್ಕೋಬೇಕು. ಒಳಗೆ ಹೊರಗೆ ಓಡಾಡೋರು ಪ್ರತಿಯೊಬ್ರೂ ಕೈಕಾಲು ತೊಳೆದು ಬಟ್ಟೆ ಬದಲಾಯಿಸ್ಬೇಕು. ಪ್ರತಿಯೊಬ್ರೂ."

ಪ್ರತಿಯೊಬ್ಬರೂ ಎಂಬ ಮಾತು ಧಣಿಯ ಕಿವಿಗೆ ಬೇರೆ ಥರ ಕೇಳಿಸಿರಬೇಕು. ಗೇಟಿಗೆ ಬೀಗ ಬಿತ್ತು, ನಾವು ಒಳಗೆ. ಧಣಿಯ ಕಾರು ಬರುತ್ತಿತ್ತು, ಹೋಗುತ್ತಿತ್ತು. ಬೆಳಿಗ್ಗೆ, ಆಳುಗಳನ್ನು ನೋಡಿಕೊಳ್ಳಲು ಧಣಿ ಇಟ್ಟಿದ್ದ ಮೇಸ್ತ್ರಿ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡು ಬರುತ್ತಿದ್ದ. ಮೊದಲು ಮೇವಿನ ಲಾರಿಯ ಚಕ್ರಕ್ಕೆ ಹೊಡೆಯುತ್ತಿದ್ದ. ಆಮೇಲೆ ನಮ್ಮನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬೆನ್ನಿಗೆ, ತಿರುಗಿಸಿ ಎದೆಗೆ. ಲಾಯದ ನೆಲ ತೊಳೆಯುವ ಔಷಧಿ ಅದು. ಕಣ್ಣು ಉರಿಯುತ್ತಿತ್ತು. ಸೀರೆ ಮೈಗೆ ಅಂಟಿಕೊಳ್ಳುತ್ತಿತ್ತು. ಬದಲಾಯಿಸಲು ಬಟ್ಟೆ ಕೊಡಲಿಲ್ಲ. ಧಣಿಯ ಮಹಡಿಯ ಮೇಲೆ ಯಾರೋ ನಿಂತು ಕಾಫಿ ಕುಡಿಯುತ್ತಾ ನೋಡುತ್ತಿದ್ದರು.

ಅತ್ತೆ ಮೇಸ್ತ್ರಿಗೆ ಹೇಳಿದಳು, "ಕಂಕುಳಿಗೂ ಹೊಡಿಯಪ್ಪಾ, ಸೋಪಿನ ಖರ್ಚು ಉಳೀತು."

ಎಲ್ಲರೂ ನಕ್ಕರು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಧಣಿಯ ಕಾರು ಒಳಗೆ ಬಂತು. ಅವನು ಇಳಿದು ಸೀದಾ ಲಾಯದ ಕಡೆ ಹೊರಟ. ನಾನು ಗೋಡೆಯಿಂದ ತಿರುಗಿದೆ.

"ಮೇಸ್ತ್ರೀ, ಅವರಿಗೂ ಹೊಡಿ."

ಮೇಸ್ತ್ರಿಯ ಕೈಯಲ್ಲಿ ಪಂಪಿನ ಹಿಡಿಕೆ ಹಾಗೇ ನಿಂತಿತು. "ಏನಂದೆ?"

"ಡಾಕ್ಟ್ರು ಪ್ರತಿಯೊಬ್ರೂ ಅಂದ್ರು. ಹೊಡಿ."

ಧಣಿ ನನ್ನ ಕಡೆ ನೋಡಲೂ ಇಲ್ಲ. ಹೋಗಿಬಿಟ್ಟ. ಆದರೆ ಆವತ್ತು ನಾನು ಮತ್ತೆ ಗೋಡೆಗೆ ಮುಖ ಮಾಡಲಿಲ್ಲ. ನಲ್ಲಿಯಲ್ಲಿ ಕೈಕಾಲು ತೊಳೆದೆ, ಬೇರೆ ಸೀರೆ ಉಟ್ಟು ಕೆಲಸಕ್ಕೆ ಹೋದೆ. ಇದ್ದದ್ದು ಎರಡೇ ಸೀರೆ, ಒಗೆದು ಒಗೆದು ಉಟ್ಟೆ. ಅತ್ತೆಯೂ ಹಾಗೇ ಮಾಡಿದಳು. ಸಂಬಳದಲ್ಲಿ ಹಿಡಿಯುತ್ತೇನೆ ಎಂದ ಮೇಸ್ತ್ರಿ. ಹಿಡಿ ಎಂದೆವು.

ಬಿದ್ದ ಕುದುರೆಯನ್ನು ಎತ್ತುವುದು ಗಂಡಸರ ಕೈಲಿ ಮಾತ್ರ ಆಗುವ ಕೆಲಸವಾಗಿರಲಿಲ್ಲ. ತೊಲೆಗೆ ರಾಟೆ ಕಟ್ಟಿ, ಹೊಟ್ಟೆಯ ಕೆಳಗೆ ಅಗಲವಾದ ಕ್ಯಾನ್ವಾಸ್ ಪಟ್ಟಿ ತೂರಿಸಿ, ಅಷ್ಟೂ ಜನ ಹಗ್ಗ ಎಳೆಯಬೇಕು. ಎದ್ದ ಕುದುರೆಯ ಸೊಂಟಕ್ಕೆ ಭುಜ ಕೊಟ್ಟು ನಿಲ್ಲಬೇಕು. ಏಳದೆ ಮಲಗಿದ್ದನ್ನು ಮಗ್ಗುಲು ಬದಲಾಯಿಸುತ್ತಲೇ ಇರಬೇಕು, ಇಲ್ಲದಿದ್ದರೆ ಕೆಳಗಿನ ಮಾಂಸ ಕೊಳೆಯುತ್ತದೆ. ಹಗ್ಗ ಎಳೆದು ಗಂಡಸರ ಅಂಗೈ ಕಿತ್ತುಹೋಯಿತು. ಆಗ ಮೇಸ್ತ್ರಿಯೇ ನಮ್ಮನ್ನು ಕೂಗಿದ. ಅತ್ತೆ ಹಗ್ಗ ಹಿಡಿದಳು. ನಾನು ಮೆಣಸಿಯ ತಲೆ ಹಿಡಿದೆ. ಲಗಾಮನ್ನೇ ಹಿಡಿದೆ. ಆಗ ಯಾರಿಗೂ ಅಪಶಕುನ ನೆನಪಾಗಲಿಲ್ಲ.

ಡಾಕ್ಟರು ಕೊಳವೆ ಹಾಕಿ ಉಚ್ಚೆ ತೆಗೆಯುವಾಗ ನಾನು ಬಕೆಟ್ಟು ಹಿಡಿಯುತ್ತಿದ್ದೆ. ಅದು ಬಿಸಿಯಾಗಿ ಮೊಣಕೈವರೆಗೂ ಸಿಡಿಯುತ್ತಿತ್ತು. ಅಪ್ಪ ಸಾಹುಕಾರನ ಸೊಂಟಕ್ಕೆ ಭುಜ ಕೊಟ್ಟು ನಿಂತು ನಿಂತು ಅವನ ಬಲಗೈ ಮೇಲೆತ್ತಲು ಬಾರದಂತಾಯಿತು. ಅನ್ನ ಕಲಸಲು ಆಗುತ್ತಿರಲಿಲ್ಲ. ನಾನು ತಿನ್ನಿಸಿದೆ.

"ಎಡಗೈ ಇದೆಯಲ್ಲ, ಬಿಡು," ಎನ್ನುತ್ತಿದ್ದ. ಮತ್ತೆ ಹೋಗಿ ಎಡ ಭುಜ ಕೊಡುತ್ತಿದ್ದ.

ಮೆಣಸಿ ಉಳಿದಳು. ಇನ್ನೂ ಕೆಲವು ಉಳಿದವು. ಸಾಹುಕಾರ ಉಳಿಯಲಿಲ್ಲ. ರಾಟೆಯಲ್ಲಿ ಎತ್ತಿದರೂ ಕಾಲು ಊರಲಿಲ್ಲ. ಡಾಕ್ಟರು ಸೂಜಿ ತೆಗೆದಾಗ ಅಪ್ಪ ಅವನ ಕಿವಿಯ ಹಿಂದೆ ಕೆರೆಯುತ್ತಾ, "ಸೋಮಾರಿ, ಓಡು ಅಂದ್ರೆ ಓಡ್ಲಿಲ್ಲ, ಏಳು ಅಂದ್ರೆ ಏಳ್ಲಿಲ್ಲ," ಎಂದು ಬೈಯುತ್ತಲೇ ಇದ್ದ. ಬೈದು ಮುಗಿಯುವ ಮೊದಲೇ ಅವನು ಹೋಗಿದ್ದ. ಗುಂಡಿ ತೋಡಿದ್ದೂ ನಾವೇ. ಆ ಸಾಲಿನ ಬಾಗಿಲುಗಳು ಒಂದೊಂದಾಗಿ ಖಾಲಿಯಾದವು. ಉಳಿದ ಕುದುರೆಗಳನ್ನು ಅಂಗಳದಾಚೆಯ ಇನ್ನೊಂದು ಕಟ್ಟಡಕ್ಕೆ ಸಾಗಿಸಿದೆವು. ಮೆಣಸಿ ಅಷ್ಟು ದೂರ ನಡೆಯಲಾರಳು ಎಂದು ಸಾಲಿನ ಆ ತುದಿಯಲ್ಲೇ ಬಿಟ್ಟೆವು.

ಕಡೆಗೆ ಡಾಕ್ಟರು ರೋಗ ಹೋಯಿತು, ಬೀಗ ತೆಗೆಯಬಹುದು ಎಂದರು. ನಾವು ಸ್ನಾನ ಮಾಡಿ, ಬಹಳ ದಿನದ ಮೇಲೆ ಬಿಸಿ ಊಟ ಮಾಡುತ್ತಿದ್ದೆವು. ಮೇಸ್ತ್ರಿ ಬಂದ. ಬಾಗಿಲಲ್ಲೇ ನಿಂತ.

"ನಾಳೆ ಮಧ್ಯಾಹ್ನ ಮಾಲೀಕರೆಲ್ಲ ಬರ್ತಾರೆ. ಸತ್ತ ಕುದುರೆಗೆಲ್ಲ ಯಾರು ಹೊಣೆ ಅಂತ ಕೇಳ್ತಾರೆ. ನೀನು ಒಪ್ಕೊಂಡ್ಬಿಡು," ಎಂದ ಅಪ್ಪನಿಗೆ.

"ಏನನ್ನ?"

"ಮೂಗು ಪರಿಚಯ ನಿಮ್ಮ ಆಳುಗಳ ಮೂಢನಂಬಿಕೆ ಅಂತ. ಧಣಿಗೆ ಗೊತ್ತಿಲ್ಲದ ಹಾಗೆ ನೀನೇ ನಡೆಸಿದ್ದು ಅಂತ. ತಪ್ಪಾಯ್ತು ಅಂತ ಕೈ ಮುಗಿ, ಮುಗೀತು. ಕೋಣೆ ನಿಮ್ಗೇ ಇರುತ್ತೆ. ಇಲ್ಲ ಅಂದ್ರೆ ಸಾಮಾನು ಕಟ್ಟಿ."

ಅತ್ತೆ ಕೇಳಿದಳು, "ಹಾಗಾದ್ರೆ ಆವತ್ತು ಚಪ್ಪಾಳೆ ತಟ್ಟಿದ್ದೂ ನಮ್ಮ ಅಣ್ಣನೇನಾ? ಒಂದು ಕೈಲಿ ಲಗಾಮು ಹಿಡ್ಕೊಂಡು, ಇನ್ನೊಂದು ಕೈಲಿ?"

ಮೇಸ್ತ್ರಿ ಹೋದ. ಅಪ್ಪ ತಟ್ಟೆ ಸರಿಸಿದ.

"ಹೇಳಿಬಿಡ್ತೀನಿ ಕಣಮ್ಮ. ಒಂದು ಮಾತು ತಾನೇ. ಈ ವಯಸ್ಸಲ್ಲಿ ನಿಮ್ಮಿಬ್ರನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ಹೇಳಿದ್ಮೇಲೆ ಯಾವ ಲಾಯದೋರು ನಿನ್ನನ್ನ ಹತ್ರ ಬಿಟ್ಕೋತಾರೆ?" ಎಂದೆ ನಾನು. "ಕುದುರೆ ಕೊಂದೋನು ಅಂತಾರೆ. ಇಲ್ಲೂ ಲಗಾಮು ಕೊಡಲ್ಲ. ನನ್ನ ಜೊತೆ ಬುಟ್ಟಿ ಹೊರ್ತೀಯ."

"ಹೊರ್ತೀನಿ."

"ಸಾಹುಕಾರನ್ನ ನೀನೇ ಕೊಂದೆ ಅಂತ ಹೇಳ್ತೀಯಾ?"

ಅಪ್ಪ ಎಡಗೈಯಲ್ಲಿ ಬಲ ಭುಜ ಒತ್ತಿಕೊಂಡು ಗೋಡೆಗೆ ಒರಗಿದ. ನನಗೆ ಅವನ ಮೇಲೆ ಸಿಟ್ಟು ಬಂತು. ಅವನನ್ನು ಹಾಗೆ ಒರಗುವಂತೆ ಮಾಡಿದವರ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಮಾರನೆಯ ಮಧ್ಯಾಹ್ನ ಮಾಲೀಕರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಧಣಿ ಸಾಲಿನ ಈ ತುದಿಯಲ್ಲಿ, ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದ. ಅದೇ ಕೋಟು. ಡಾಕ್ಟರು ಪಕ್ಕದಲ್ಲಿ. ನಾವು ಗೋಡೆ ಪಕ್ಕ. ಅಪ್ಪನನ್ನು ಮುಂದೆ ಕರೆದು ನಿಲ್ಲಿಸಿದ್ದರು.

"ನೋಡಿ, ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ," ಎಂದ ಧಣಿ. "ಏನೇನೋ ನಂಬಿಕೆ. ಹೊರಗಿಂದ ಬಂದ ಕುದುರೇನ ಎಲ್ಲದರ ಮೂಗಿಗೆ ತಾಗಿಸೋದಂತೆ. ನನ್ನ ಕಣ್ಣು ತಪ್ಪಿಸಿ ಮಾಡಿದಾರೆ. ಅವನೇ ಹೇಳ್ತಾನೆ ಕೇಳಿ."

ಕುರ್ಚಿಯಲ್ಲಿ ಕೂತವರ ಮುಖ ನೋಡಿದೆ. ಎಲ್ಲರೂ ಆವತ್ತು ಅಲ್ಲಿ ಇದ್ದವರೇ. ಧಣಿಯ ಮಾತು ಸುಳ್ಳು ಎಂದು ಒಬ್ಬನೂ ಹೇಳಲಿಲ್ಲ. ಡಾಕ್ಟರು ತಮ್ಮ ಚೀಲದ ಬಾಯಿ ಮುಚ್ಚುತ್ತಾ ತೆಗೆಯುತ್ತಾ ಇದ್ದರು. ಒಳ್ಳೆಯವರೇ. ಆದರೆ ಅವರಿಗೂ ಧಣಿಯ ಲಾಯ ಬೇಕು. ಅಪ್ಪನ ಕೈ ಮುಗಿಯಲು ಮೇಲೆ ಹೋಯಿತು. ಎಡಗೈ ಎದೆಗೆ ಬಂತು. ಬಲಗೈ ಬರಲಿಲ್ಲ. ಸೊಂಟದ ಹತ್ತಿರವೇ ನಿಂತಿತು.

ನಾನು ಗೋಡೆ ಬಿಟ್ಟು ಸಾಲಿನ ಆ ತುದಿಗೆ ಹೋದೆ. ಮೆಣಸಿಯ ಬಾಗಿಲ ಚಿಲಕ ತೆಗೆದೆ. ಗೂಟದ ಮೇಲಿದ್ದ ಲಗಾಮು ಹಾಕಿದೆ. ಹೊರಗೆ ತಂದೆ.

"ಏಯ್, ಹೆಂಗಸು ಲಗಾಮು ಮುಟ್ಟಬಾರದು, ಬಿಡು," ಎಂದು ಮೇಸ್ತ್ರಿ ಓಡಿ ಬಂದ.

"ಇವಳು ಬಿದ್ದಾಗ ಇದೇ ಕೈ ಬೇಕಾಗಿತ್ತಲ್ಲ. ಅಡ್ಡ ಬರಬೇಡ. ಗಾಬರಿ ಬಿದ್ರೆ ಇವಳು ಬೀಳ್ತಾಳೆ. ಬಿದ್ರೆ ನೀನೇ ಎತ್ತು."

ಅವನು ನಿಂತ. ಮೆಣಸಿ ನಡೆದಳು. ಹಿಂದಿನ ಎಡಗಾಲಿನ ಗೊರಸು ಕಲ್ಲಿಗೆ ಗೀರುತ್ತಿತ್ತು. ಅದೊಂದೇ ಸದ್ದು ಅಂಗಳದಲ್ಲಿ. ನಾನು ಅವಳನ್ನು ಎಳೆಯಲಿಲ್ಲ. ಲಗಾಮಿನ ಹಗ್ಗ ಸಡಿಲ ಬಿಟ್ಟೆ.

ಮೊದಲ ಬಾಗಿಲು ಬಂತು. ಅವಳೇ ನಿಂತಳು. ಅರ್ಧ ಬಾಗಿಲ ಮೇಲೆ ಮೂಗು ಚಾಚಿದಳು. ಒಳಗೆ ಯಾರೂ ಇರಲಿಲ್ಲ. ಮೂಸಿದಳು, ಕಾದಳು. ಆಮೇಲೆ ಮುಂದಿನ ಬಾಗಿಲು. ಅಲ್ಲೂ ನಿಂತಳು. ಅಲ್ಲೂ ಕಾದಳು. ಪ್ರತಿ ರೇಸು ಮುಗಿದ ಮೇಲೂ ಇವಳನ್ನು ಹೀಗೇ ನಡೆಸಿದ್ದರು, ಇದು ಅವಳ ಮೈಯಲ್ಲಿ ಕೂತಿತ್ತು. ಸಾಹುಕಾರನ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಕುರ್ಚಿಯಲ್ಲಿ ಕೂತಿದ್ದ ಸಾಹುಕಾರನ ಮಾಲೀಕ, ದಪ್ಪ ಮನುಷ್ಯ, ಎದ್ದು ನಿಂತ. ನನಗೆ ಅಳು ಬರುತ್ತಿತ್ತು, ಆದರೆ ಅವರ ಮುಂದೆ ಅಳುವವಳಲ್ಲ ನಾನು.

ಸಾಲು ಮುಗಿಯಿತು. ಕೊನೆಯಲ್ಲಿ ಧಣಿ ನಿಂತಿದ್ದ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೆಣಸಿ ಒಂದು ಹೆಜ್ಜೆ ಮುಂದೆ ಹೋದಳು. ಮೂಗನ್ನು ಸೀದಾ ಅವನ ಕೋಟಿನ ಬಲ ಜೇಬಿಗೆ ತೂರಿಸಿದಳು. ಇನ್ನೊಂದು ಜೇಬನ್ನು ನೋಡಲೂ ಇಲ್ಲ. ಅವನು ಕೈಯಲ್ಲಿ ತಳ್ಳಿದ. ಅವಳು ಆ ಅಂಗೈಯನ್ನೇ ನೆಕ್ಕಿದಳು, ಮತ್ತೆ ಜೇಬಿಗೆ ಮೂಗು ಹಾಕಿದಳು.

"ಸಕ್ಕರೆ ಕೇಳ್ತಿದಾಳೆ," ಎಂದ ದಪ್ಪ ಮನುಷ್ಯ, ಮೆಲ್ಲಗೆ. "ಕೊಟ್ಟುಬಿಡಿ."

ಧಣಿಯ ಮುಖ ಕಪ್ಪಿಟ್ಟಿತು. ಕುರ್ಚಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಗ ಅಪ್ಪ ಎಡಗೈ ಕೆಳಗಿಳಿಸಿದ.

"ನಡೆಸಿದ್ದು ನಾನೇ," ಎಂದ. "ಸುಸ್ತಾಗಿದಾಳೆ, ನಾಳೆ ನಡೆಸ್ತೀನಿ ಅಂದೆ. ನಡೆಸು ಅಂದೋರು ನೀವು. ಈ ಕುರ್ಚಿಲಿ ಕೂತಿರೋರೆಲ್ಲ ಕೇಳಿಸ್ಕೊಂಡಿದಾರೆ. ನಾನು ಕುದುರೆ ಕೊಂದಿಲ್ಲ. ಒಪ್ಕೊಳ್ಳಲ್ಲ."

ಅಷ್ಟು ಉದ್ದದ ಮಾತು ಧಣಿಯ ಎದುರಿಗೆ ಅವನು ಜೀವಮಾನದಲ್ಲಿ ಆಡಿರಲಿಲ್ಲ.

"ಆಚೆ ಹಾಕಿ ಇವರನ್ನ," ಎಂದ ಧಣಿ. "ಈಗಲೇ. ಇವರು ಮೂರೂ ಜನಾನ. ಮೇಸ್ತ್ರೀ, ಕುದುರೆ ಕರ್ಕೊಂಡು ಹೋಗು."

ಮೇಸ್ತ್ರಿ ಬರಲಿಲ್ಲ. ಅವನು ಹೊಣೆ ಹೊರುವ ಗಂಡಸಲ್ಲ. ಈ ಕುದುರೆ ತಿರುಗುವಾಗ ಬಿದ್ದರೆ ತನ್ನ ತಲೆಗೆ ಬರುತ್ತದೆ ಎಂದು ಅವನಿಗೆ ಗೊತ್ತು. ಬೇರೆ ಆಳುಗಳನ್ನು ನೋಡಿದ. ಅತ್ತೆ ಆಗಲೇ ಗೋಡೆ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು.

"ಕುದುರೆಗಳಿಗೆ ನೀರು ಕೊಟ್ಟಾಗಿದೆ, ಮೇವು ಹಾಕಾಗಿದೆ," ಎಂದಳು. "ಇನ್ನು ನನ್ನ ಸೊಂಟಕ್ಕೂ ಸ್ವಲ್ಪ ರಜ ಕೊಡ್ತೀನಿ. ನಮ್ಮ ಮೂವರನ್ನ ಕಳಿಸೋ ಹಾಗಿದ್ರೆ ಇಲ್ಲಿರೋ ಆಳುಗಳನ್ನೆಲ್ಲಾ ಕಳಿಸಿ."

ಅವಳ ಪಕ್ಕ ಒಬ್ಬ ಕೂತ. ಅವನ ಪಕ್ಕ ಇನ್ನೊಬ್ಬ. ಅಂಗೈಗೆ ಬಟ್ಟೆ ಸುತ್ತಿಕೊಂಡವರೆಲ್ಲ ಕೂತರು.

ನಾನು ಲಗಾಮನ್ನು ಧಣಿಯ ಕೈಗೆ ಕೊಟ್ಟೆ. ಯೋಚನೆ ಮಾಡದೆ ಅವನು ಹಿಡಿದುಕೊಂಡ. ನಾನು ಹೋಗಿ ಅತ್ತೆಯ ಪಕ್ಕ ಕೂತೆ. ಲಾಯದ ಒಡೆಯ, ಹುಟ್ಟಿದಾಗಿನಿಂದ ಕುದುರೆಗಳ ನಡುವೆ ಇದ್ದವನು, ಹಗ್ಗ ಎಲ್ಲಿ ಹಿಡಿಯಬೇಕೆಂದು ಗೊತ್ತಾಗದೆ ನಿಂತಿದ್ದ. ಎಳೆದ. ಮೆಣಸಿಯ ಹಿಂಭಾಗ ಒಂದು ಕಡೆಗೆ ವಾಲಿತು.

ಅಪ್ಪ ಮುಂದೆ ಹೋದ. ಕುದುರೆ ಬೀಳುತ್ತದೆ ಎಂದರೆ ಅವನು ತಡೆಯಲಾರ, ಹಗ್ಗ ತೆಗೆದುಕೊಂಡುಬಿಡುತ್ತಾನೆ, ಎಲ್ಲ ಮುಗಿಯಿತು ಎಂದುಕೊಂಡೆ. ಅಪ್ಪ ಮೆಣಸಿಯ ಸೊಂಟಕ್ಕೆ ಎಡ ಭುಜ ಕೊಟ್ಟು ಅವಳನ್ನು ನೆಟ್ಟಗೆ ಮಾಡಿದ. ಸಾವಕಾಶವಾಗಿ ಸಾಲಿನ ಕಡೆಗೆ ತಿರುಗಿಸಿದ. ಆಮೇಲೆ ಧಣಿಯ ಕೈ ಹಿಡಿದು ಲಗಾಮಿನ ಮೇಲೆ ಸರಿಯಾದ ಜಾಗಕ್ಕೆ ಸರಿಸಿದ. ಧಣಿಯ ಕೈಯನ್ನು ಅವನು ಮುಟ್ಟಿದ್ದು ಅದೇ ಮೊದಲು.

"ಇಲ್ಲಿ ಹಿಡ್ಕೊಳಿ. ಎಳೀಬೇಡಿ, ಬೀಳ್ತಾಳೆ. ಅವಳು ನಡೆದಷ್ಟೇ ನಡೀರಿ," ಎಂದ. "ಪ್ರತಿ ಬಾಗಿಲಲ್ಲೂ ನಿಲ್ತಾಳೆ. ನೀವೂ ನಿಲ್ಲಿ."

ಅಪ್ಪ ವಾಪಸು ಬಂದ. ನಮ್ಮ ಪಕ್ಕದಲ್ಲಿ, ಬಲ ಭುಜ ಹಿಡಿದುಕೊಂಡು, ಕಷ್ಟಪಟ್ಟು ಕೂತ.

ಮೆಣಸಿ ಹೊರಟಳು. ಗೊರಸು ಕಲ್ಲಿಗೆ ಗೀರಿತು. ಧಣಿ ಹಗ್ಗ ಹಿಡಿದು ಜೊತೆಗೆ ಹೋದ. ಮೊದಲ ಖಾಲಿ ಬಾಗಿಲು ಬಂತು. ಅವಳು ನಿಂತಳು, ಧಣಿಯೂ ನಿಂತ. ಎರಡನೆಯ ಬಾಗಿಲು ಬಂತು. ನಿಂತ. ನಾವು ಕೂತು ನೋಡಿದೆವು. ಸಾಹುಕಾರನ ಬಾಗಿಲಲ್ಲಿ ಅವಳು ಬಹಳ ಹೊತ್ತು ಕದಲಲಿಲ್ಲ. ಅವನು ಅಷ್ಟು ಹೊತ್ತೂ ನಿಂತಿರಬೇಕಾಯಿತು.